ವೈರಸ್ ತಂದವರು ಯಾರು

ವೈರಸ್ ಬಂದ ಕಚೇರಿಯಲ್ಲಿ ನಗುವುದೆಂದರೆ ಸಾವಿನ ಮನೆಯಲ್ಲಿ ನಕ್ಕ ಹಾಗೆ. ಹೀಗಾಗಿ ಇಷ್ಟು ವರ್ಷ ನನ್ನ ನಗುವನ್ನೆಲ್ಲ ನಾನು ಬೈಕ್ ಹತ್ತಿ ಊರು ದಾಟಿದ ಮೇಲೆಯೇ ನಕ್ಕಿದ್ದೇನೆ. ಗೋಕಾಕದಲ್ಲಿ ನನ್ನದೊಂದು ಕಂಪ್ಯೂಟರ್ ದುರಸ್ತಿ ಅಂಗಡಿಯಿದೆ. ಸುತ್ತಲಿನ ಅಂಗಡಿ, ಸೊಸೈಟಿಗಳ ಕಂಪ್ಯೂಟರುಗಳಿಗೆ ಆಂಟಿವೈರಸ್ ಹಾಕಿಕೊಡುವುದು ನನ್ನ ಹೊಟ್ಟೆಪಾಡು. ಯಾವುದು ಒಳ್ಳೆಯದು ಎಂದು ಕೇಳದ ಗಿರಾಕಿಯಿಲ್ಲ. ಹೇಳಿದ ಮೇಲೆ ಅದನ್ನೇ ತೆಗೆದುಕೊಂಡ ಗಿರಾಕಿಯೂ ಇಲ್ಲ. ಇಂಥ ದಂಧೆಯಲ್ಲಿ ವಾರಕ್ಕೊಂದು ಪ್ರಸಂಗ ನಡೆಯದಿದ್ದರೆ ನನಗೇ ಏನೋ ಕಳೆದುಕೊಂಡ ಹಾಗೆ ಅನಿಸುತ್ತದೆ.

೧. ಮೆಣಸಿನಕಾಯಿ ವ್ಯಾಪಾರಿ

ಸಂಕೇಶ್ವರದ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಫೋನ್ ಮಾಡಿದರು. “ಕಂಪ್ಯೂಟರ್ ಚಾಲೂ ಆಗತೈತ್ರಿ, ಆದರ ಮುಂದ ಹೋಗವಲ್ದು.”

ಹೋಗಿ ನೋಡಿದೆ. ಒಂದೇ ಕಂಪ್ಯೂಟರಿನಲ್ಲಿ ಮೂರು ಕಂಪನಿಯ ಆಂಟಿವೈರಸ್ ಕೂತಿದ್ದವು.

“ಮೂರು ಯಾಕ ಹಾಕೀರಿ?”

“ಒಂದು ಮಲಗಿದ್ರ ಇನ್ನೊಂದು ಎಚ್ಚರ ಇರಲಿ ಅಂತ್ರಿ.”

ಒಂದೇ ಬಾಗಿಲಿಗೆ ಮೂವರು ಕಾವಲುಗಾರರನ್ನು ನಿಲ್ಲಿಸಿದರೆ ಒಬ್ಬರನ್ನೊಬ್ಬರು ಕಳ್ಳರೆಂದು ತಿಳಿದು ಕುತ್ತಿಗೆ ಹಿಡಿಯುತ್ತಾರೆ, ಆ ಜಗಳದಲ್ಲಿ ಕಂಪ್ಯೂಟರಿಗೆ ಉಸಿರಾಡಲು ಪುರಸೊತ್ತಿಲ್ಲ ಎಂದು ಬಿಡಿಸಿ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು.

“ಕಳ್ಳ ಏನರ ಒಳಗ ಬಂದಾನೇನ್ರಿ?”

“ಇಲ್ರಿ. ಕಳ್ಳ ಬರಾಕ ಜಾಗಾನ ಇಲ್ಲ.”

“ಹಂಗಾರ ಇರಲಿ ಬಿಡ್ರಿ, ತಗೀಬ್ಯಾಡ್ರಿ,” ಎಂದರು ನೆಮ್ಮದಿಯಿಂದ. “ಬಿಲ್ ಕೈಲೇ ಬರೀತೇವಿ.”

೨. ಅಪರಾಧಿ ಬೇಕಾಗಿದ್ದಾರೆ

ಇನ್ನು ಮುಂದಿನದೆಲ್ಲ ಒಂದೇ ಸಹಕಾರಿ ಪತ್ತಿನ ಸೊಸೈಟಿಯ ಕತೆ. ಅದರ ಮುಖ್ಯ ಕಚೇರಿ ಗೋಕಾಕದಲ್ಲಿ. ಮೂಡಲಗಿ, ಹುಕ್ಕೇರಿಗಳಲ್ಲಿ ಶಾಖೆಗಳಿವೆ, ದಡ್ಡಿಯಲ್ಲಿ ಒಂದು ಕೋಣೆಯ ಚಿಕ್ಕ ಶಾಖೆಯೂ ಇದೆ. ಒಂದು ದಿನ ಮುಖ್ಯ ಕಚೇರಿಯ ಕ್ಲಾರ್ಕ್ ಕಂಪ್ಯೂಟರಿನಲ್ಲಿ ಫೈಲುಗಳೆಲ್ಲ ಮಾಯವಾದವು. ಕ್ಲಾರ್ಕ್ ಒಬ್ಬ ಹೆಣ್ಣುಮಗಳು, ಎಲ್ಲರೂ ಬಾಯಾರು ಅನ್ನುತ್ತಾರೆ. ಪುಣ್ಯಕ್ಕೆ ಅವರು ಪ್ರತಿ ಸಂಜೆ ಇನ್ನೊಂದು ಪ್ರತಿ ತೆಗೆದಿಡುತ್ತಿದ್ದರು. ವೈರಸ್ ತೆಗೆದುಹಾಕಿ ಎಲ್ಲವನ್ನೂ ಮೊದಲಿನಂತೆ ಮಾಡಿಕೊಟ್ಟೆ.

ಆದರೆ ಸೊಸೈಟಿಯ ಚೇರಮನ್ನರಿಗೆ ಫೈಲು ಸಿಕ್ಕರೆ ಸಾಲದಿತ್ತು, ಅಪರಾಧಿ ಸಿಗಬೇಕಿತ್ತು. ಅವರು ದೊಡ್ಡ ಕಬ್ಬಿನ ಬೆಳೆಗಾರರು. ಎದುರು ಮಾತು ಕೇಳಿ ಅವರಿಗೆ ರೂಢಿಯಿಲ್ಲ.

“ಬಾಯಾರು ಕಂಪ್ಯೂಟರಿಗೆ ಮೊಬೈಲ್ ಚಾರ್ಜ್ ಹಚ್ಚತಾರ. ನಾನ ಕಣ್ಣಾರೆ ನೋಡೇನಿ. ರೋಗ ಅದರಿಂದನ ಬಂದೈತಿ.”

“ಒಂದ ಸಲ ಹಚ್ಚಿದ್ದೆ ಸಾಹೇಬ್ರ. ಬೇಕಾದ್ರ ನನ್ನ ಮೊಬೈಲ್ ತಪಾಸ್ ಮಾಡಸ್ರಿ,” ಎಂದರು ಬಾಯಾರು.

ತಪಾಸ್ ಮಾಡಿದೆ. ಸ್ವಚ್ಛವಾಗಿತ್ತು. ಹಾಗೆಂದು ಹೇಳಿದೆ.

“ಈಗ ಸ್ವಚ್ಛ ಐತಿ. ಆವಾಗ ಹೊಲಸಿತ್ತೋ ಏನೋ,” ಎಂದರು ಚೇರಮನ್ನರು.

ತೀರ್ಪು ಅಲ್ಲೇ ಬಂತು. ವೈರಸ್ ತಂದವರಿಗೆ ದಡ್ಡಿಗೆ ವರ್ಗ, ಮುಂದಿನ ಮೀಟಿಂಗಿನಲ್ಲಿ ಠರಾವು. ಬಾಯಾರ ಮನೆ, ಎರಡನೇ ಇಯತ್ತೆ ಓದುವ ಮಗಳು, ಹಾಸಿಗೆ ಹಿಡಿದ ಅತ್ತೆ ಎಲ್ಲರೂ ಗೋಕಾಕದಲ್ಲಿ. ದಡ್ಡಿಗೆ ಹೋಗಿ ಬರುವುದೆಂದರೆ ಮಗಳು ಏಳುವ ಮೊದಲು ಬಸ್ ಹತ್ತಿ, ಅವಳು ಮಲಗಿದ ಮೇಲೆ ಇಳಿಯಬೇಕು. ನನಗೆ ಕೆಡುಕೆನಿಸಿತು. ಒಳ್ಳೆಯ ಸಾಫ್ಟ್‌ವೇರ್ ಇದ್ದರೆ ವೈರಸ್ ಯಾವ ದಾರಿಯಿಂದ ಬಂತೆಂದು ಅದೇ ಹೇಳುತ್ತದೆ, ಮೊದಲು ಅದನ್ನು ಕೊಳ್ಳಿ ಎಂದೆ, ಬಾಯಾರಿಗೆ ಒಂದಿಷ್ಟು ಸಮಯವಾದರೂ ಸಿಗಲಿ ಎಂದು.

“ಯಾವುದು ಚಲೋ?” ಎಂದರು ಚೇರಮನ್ನರು.

“ಮೂರು ಕಂಪನೀವು ಅದಾವ್ರಿ. ಒಂದು ತಿಂಗಳು ಪುಕ್ಕಟೆ ಬಳಸಾಕ ಕೊಡ್ತಾರ.”

“ಹಂಗಾರ ಒಂದೊಂದು ಕಡೆ ಒಂದೊಂದು ಹಾಕ್ರಿ. ಕರದಂಟ ಆದ್ರೂ ತಿಂದು ಚವಿ ನೋಡದ ತಗೋತೇವೇನು?”

ಮೆಟ್ಟಿಲಿಳಿಯುವಾಗ ಬಾಯಾರು ಹಿಂದೆ ಬಂದರು. “ಸರ್, ಯಾವುದರ ತರ್ರಿ. ಖರೆ ಹೇಳೂದು ತರ್ರಿ,” ಎಂದಷ್ಟೇ ಹೇಳಿ ಒಳಗೆ ಹೋದರು.

೩. ಗೋಕಾಕದ ತಪಾಸಣೆ

ಗೋಕಾಕದ ಕಚೇರಿಗೆ ಹಾಕಿದ್ದು ಬಹಳ ಜಾಗರೂಕ ಸಾಫ್ಟ್‌ವೇರ್. ಒಂದೊಂದೇ ಫೈಲನ್ನು ಎತ್ತಿ, ತಿರುವಿ, ಮೂಸಿ ನೋಡುವುದು ಅದರ ಸ್ವಭಾವ. ಅದು ತಪಾಸಣೆಗೆ ಕೂತರೆ ಕಂಪ್ಯೂಟರಿನಲ್ಲಿ ಬೇರೆ ಯಾವ ಕೆಲಸವೂ ನಡೆಯುವುದಿಲ್ಲ. ಆದ್ದರಿಂದ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ತಾನೇ ಶುರುವಾಗಲಿ ಎಂದು ಹೊಂದಿಸಿ ಬಂದಿದ್ದೆ.

ಎರಡು ದಿನ ಬಿಟ್ಟು ಹೋದರೆ ಬೆಳಿಗ್ಗೆ ಹನ್ನೊಂದಕ್ಕೇ ತಪಾಸಣೆ ನಡೆದಿತ್ತು. ಕೌಂಟರಿನಲ್ಲಿ ಜನ, ಕುರ್ಚಿಗಳು ಖಾಲಿ. ಸಿಬ್ಬಂದಿಯೆಲ್ಲ ಎದುರಿನ ಚಹಾದಂಗಡಿಯಲ್ಲಿದ್ದರು. ಬಾಯಾರೊಬ್ಬರು ಮಾತ್ರ ಪರದೆಯ ಮುಂದೆ ಕದಲದೆ ಕೂತಿದ್ದರು. ಅದು ಏನಾದರೂ ಹೇಳುತ್ತದೆಯೇ ಎಂದು ಕಾಯುತ್ತಿದ್ದರು. ನಾನು ಮೊದಲೇ ತೊಳೆದಿಟ್ಟ ಕಂಪ್ಯೂಟರು, ಏನು ಹೇಳೀತು?

ನಾನು ಮತ್ತೆ ಊಟದ ಹೊತ್ತಿಗೆ ಹೊಂದಿಸಿದೆ. ಮರುದಿನ ಮತ್ತೆ ಹನ್ನೊಂದಕ್ಕೇ ಬಂದಿತ್ತು, ಜೊತೆಗೆ ಸಂಜೆ ನಾಲ್ಕಕ್ಕೂ ಒಂದು ಸೇರಿತ್ತು. ಬದಲಿಸಿದವರು ಯಾರೆಂದು ಕೇಳಿದರೆ ಯಾರೂ ಅಲ್ಲ. ತಿಂಗಳ ಕೊನೆಗೆ ಸಾಫ್ಟ್‌ವೇರ್ ಹೇಗಿದೆ ಎಂದು ಅಭಿಪ್ರಾಯ ಕೇಳಿದಾಗ ಕ್ಯಾಶಿಯರ್ ಎದೆ ತಟ್ಟಿಕೊಂಡು ಹೇಳಿದರು, “ಇದನ್ನ ತಗೋರಿ. ಇದು ಬಂದ ಮ್ಯಾಲ ಭಾಳ ಆರಾಮ ಆಗೇತಿ.”

ಪೆನ್ಶನ್ ಹಣಕ್ಕೆ ಬಂದು ಬೆಂಚಿನ ಮೇಲೆ ಕಾಯುತ್ತಿದ್ದ ಅಜ್ಜಾರೊಬ್ಬರು ಅದನ್ನು ಕೇಳಿಸಿಕೊಂಡರು. “ನನ್ನ ಹೊಟ್ಟಿ ಆಪರೇಶನ್ ಆದಾಗೂ ಡಾಕ್ಟರ್ ಇಷ್ಟು ಸಲ ತಪಾಸ್ ಮಾಡಿರಲಿಲ್ಲಪಾ,” ಎಂದರು.

೪. ಮೂಡಲಗಿಯ ಸೈರನ್

ಮೂಡಲಗಿಗೆ ಹಾಕಿದ್ದು ಬಾಯಿಬಡುಕ ಸಾಫ್ಟ್‌ವೇರ್. ಸಣ್ಣ ಅನುಮಾನ ಬಂದರೂ ಪರದೆಯ ಮೇಲೆ ಕೆಂಪು ಡಬ್ಬಿ, ಮೇಲೊಂದು ಸೈರನ್. ಕನ್ನಡದ ಅಕ್ಷರಗಳ ಫೈಲನ್ನೂ ಕಳ್ಳ ಅಂದಿತು, ಬಡ್ಡಿ ಲೆಕ್ಕದ ಪ್ರೋಗ್ರಾಮನ್ನೂ ಕಳ್ಳ ಅಂದಿತು. ಇದರ ಸದ್ದು ಕಡಿಮೆ ಮಾಡಿಕೊಡಲೇ ಎಂದು ಮ್ಯಾನೇಜರರನ್ನು ಕೇಳಿದೆ. ಅವರಿಗೆ ಸಿಟ್ಟೇ ಬಂತು.

“ಬೊಗಳದ ನಾಯಿಗೆ ಯಾರರ ರೊಟ್ಟಿ ಹಾಕ್ತಾರೇನ್ರಿ? ಇದ ಖರೇ ಕಾವಲು. ನಿಮ್ಮ ಹುಕ್ಕೇರಿದ್ದು ಬರೇ ಸುಮ್ಮನ ಕುಂತೈತಂತ.”

ಆ ಕೆಂಪು ಡಬ್ಬಿ ಅವರಿಗೆ ಎಷ್ಟು ಹಿಡಿಸಿತೆಂದರೆ, ಬಂದವರಿಗೆಲ್ಲ ತೋರಿಸತೊಡಗಿದರು. ನಾನು ಅಲ್ಲಿದ್ದಾಗಲೇ ಮಸಗುಪ್ಪಿಯಿಂದ ಒಬ್ಬ ರೈತರು ಠೇವಣಿ ಇಡಲು ಬಂದರು. ಮ್ಯಾನೇಜರರು ಕುರ್ಚಿ ಎಳೆದು ಕೂಡಿಸಿ, ಬಡ್ಡಿ ಲೆಕ್ಕದ ಪ್ರೋಗ್ರಾಮ್ ಒತ್ತಿದರು. ಸೈರನ್ ಹೊಯ್ಕೊಂಡಿತು.

“ಕೇಳಿದ್ರೇನು? ಕಳ್ಳ ಬಂದಿದ್ದ, ಹಿಡೀತು. ದಿನಾ ಇಂಥಾವು ಹತ್ತಾರು ಬರತಾವ, ಒಂದನ್ನೂ ಬಿಡಂಗಿಲ್ಲ. ನಿಮ್ಮ ಠೇವಣಿ ಎಷ್ಟು ಭದ್ರ ಐತಿ ನೋಡ್ರಿ.”

ರೈತರು ಪರದೆಯನ್ನು ಒಮ್ಮೆ, ಮ್ಯಾನೇಜರರನ್ನು ಒಮ್ಮೆ ನೋಡಿದರು. ಮೇಜಿನ ಮೇಲಿಟ್ಟಿದ್ದ ಕೈಚೀಲವನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡರು.

“ದಿನಾ ಹತ್ತಾರು ಕಳ್ಳರು ಬರೂ ಜಾಗಾದಾಗ ನಾ ಯಾಕ ಇಡ್ಲಿರಿ?”

೫. ಹುಕ್ಕೇರಿಯ ಮೌನ

ಹುಕ್ಕೇರಿಯ ಸಾಫ್ಟ್‌ವೇರ್ ಮಾತಾಡುವುದೇ ಇಲ್ಲ. ಏನಾದರೂ ಸಿಕ್ಕರೆ ಪರದೆಯ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಆದರೆ ತಿಂಗಳಿಡೀ ಆ ಒಂದು ಸಾಲೂ ಬರಲಿಲ್ಲ. ಶಾಖೆಯ ಮ್ಯಾನೇಜರರು ಫೋನ್ ಮಾಡಿ, “ಜೀವ ಐತೋ ಇಲ್ಲೋ ಒಂದ ಸಲ ನೋಡಿ ಹೋಗ್ರಿ,” ಎಂದರು.

ಪೆನ್ ಡ್ರೈವಿನಲ್ಲಿ ಒಂದು ಪರೀಕ್ಷೆಯ ಫೈಲು ಹಾಕಿಕೊಂಡು ಹೋದೆ. ಅದು ನಿಜವಾದ ವೈರಸ್ ಅಲ್ಲ, ಆಂಟಿವೈರಸ್ ಎಚ್ಚರವಿದೆಯೇ ಎಂದು ನೋಡಲು ಮಾಡಿದ್ದು. ಕಂಪ್ಯೂಟರಿನ ಮುಂದಿನ ತೂತಿಗೆ ಚುಚ್ಚಿದೆ. ಹೋಗಲಿಲ್ಲ. ತಿರುವಿ ಚುಚ್ಚಿದೆ. ಹೋಗಲಿಲ್ಲ. ಪಕ್ಕದ ಕಂಪ್ಯೂಟರಿಗೂ ಹೋಗಲಿಲ್ಲ. ಮೊಬೈಲಿನ ಬೆಳಕು ಬಿಟ್ಟು ನೋಡಿದರೆ ತೂತುಗಳೆಲ್ಲ ಬೆಳ್ಳಗೆ, ಕಲ್ಲಿನಷ್ಟು ಗಟ್ಟಿ.

“ಇದೇನ್ರಿ?”

“ಇಬತ್ತಿರಿ,” ಎಂದರು ಸಿಪಾಯಿ ಕಾಕಾ. ಆ ಶಾಖೆಯ ಜವಾನರು, ಅಲ್ಲಿ ಎಲ್ಲರಿಗಿಂತ ಹಿರಿಯರು, ಬಾಗಿಲ ಕೀಲಿ ಅವರ ಹತ್ತಿರವೇ. “ಖಂಡೆ ಪೂಜಿ ದಿನ ಹಚ್ಚೇನಿ.”

ಮಹಾನವಮಿಯಲ್ಲಿ ಕಂಪ್ಯೂಟರಿಗೆ ವಿಭೂತಿ ಹಚ್ಚುವುದು ನಮ್ಮಲ್ಲಿ ಎಲ್ಲ ಕಡೆಯೂ ಇದ್ದದ್ದೇ. ಆದರೆ ಹಣೆಗೆ ಹಚ್ಚಿದ ಹಾಗೆ ಮೇಲೆ ಮೂರು ಗೆರೆ ಎಳೆಯುತ್ತಾರೆ. ಇವರು ವಿಭೂತಿಯನ್ನು ನೀರಲ್ಲಿ ಕಲೆಸಿ, ಕಡ್ಡಿಯಿಂದ ತೂತಿನೊಳಗೆ ತುಂಬಿದ್ದರು.

“ಒಳಗ ಯಾಕ ತುಂಬಿದ್ರಿ ಕಾಕಾ?”

“ವೈರಸ್ ಅದರಾಗಿಂದನ ಬರತೈತಿ ಅಂತ ನೀವ ಹೇಳಿದ್ರಲ್ರಿ.”

ಇಷ್ಟು ವರ್ಷದ ಅನುಭವದಲ್ಲಿ ನಾನು ನೋಡಿದ ಅತ್ಯಂತ ಗಟ್ಟಿ ರಕ್ಷಣೆ ಅದು. ಸೂಜಿ ಹಿಡಿದು ಕೆದರಿ ತೆಗೆಯುವಷ್ಟರಲ್ಲಿ ನನ್ನ ಬೆರಳುಗಳು ನೋಯುತ್ತಿದ್ದವು. ಕಾಕಾ ಪಕ್ಕದಲ್ಲಿ ನಿಂತು, “ಮುಂದ ಏನರ ಆದ್ರ ಜವಾಬ್ದಾರಿ ನಿಮ್ದು ನೋಡ್ರಿ,” ಎಂದರು.

೬. ಠರಾವು

ಆಡಳಿತ ಮಂಡಳಿಯ ಮೀಟಿಂಗಿನ ದಿನ ಬಂತು, ನಿರ್ದೇಶಕರೆಲ್ಲ ಸೇರಿದ್ದರು. ಹೋಲಿಸಿ ನೋಡಲು ನನ್ನ ಕೈಯಲ್ಲಿದ್ದದ್ದು ಇಷ್ಟು: ಒಂದು ಕಡೆ ಚಹಾ, ಒಂದು ಕಡೆ ಸೈರನ್, ಒಂದು ಕಡೆ ವಿಭೂತಿ. ವೈರಸ್ ತಂದವರು ಯಾರೆಂದು ಮೂರರಲ್ಲಿ ಒಂದೂ ಹೇಳಿರಲಿಲ್ಲ. ಬಾಯಾರು ಮೂಲೆಯಲ್ಲಿ ಕೂತು ಸಭೆಯ ನಡಾವಳಿ ಬರೆಯುತ್ತಿದ್ದರು, ತಮ್ಮ ವರ್ಗದ ಠರಾವನ್ನು ತಾವೇ ಬರೆಯಬೇಕಿತ್ತು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಕೊನೆಯ ಒಂದು ಪರೀಕ್ಷೆಗೆ ಅವಕಾಶ ಕೇಳಿಕೊಂಡಿದ್ದೆ. ಮೂರು ಕಡೆಯಿಂದ ಒಂದೊಂದು ಕಂಪ್ಯೂಟರ್ ತರಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದೆ. ನನ್ನ ಪರೀಕ್ಷೆಯ ಪೆನ್ ಡ್ರೈವ್ ತೆಗೆದೆ. ಚೇರಮನ್ನರು ಕೈ ಅಡ್ಡ ಹಿಡಿದರು.

“ನೀವ ತಂದದ್ದನ್ನ ನೀವ ತಂದ ಸಾಫ್ಟ್‌ವೇರ್ ಹಿಡಿದ್ರ ಅದೇನು ಪರೀಕ್ಷಾ? ನಂದು ಹಚ್ರಿ. ಇದು ಸ್ವಚ್ಛ ಐತಿ. ಸ್ವಚ್ಛ ಇದ್ದದ್ದಕ್ಕ ಒದರೂ ಸಾಫ್ಟ್‌ವೇರ್ ನಮಗ ಬ್ಯಾಡ.”

ಮಾತು ನ್ಯಾಯವಾಗಿಯೇ ಇತ್ತು. ಕೀಲಿಗೊಂಚಲಿನಿಂದ ತಮ್ಮ ಪೆನ್ ಡ್ರೈವ್ ಬಿಚ್ಚಿ ಕೊಟ್ಟರು. ಸಿಕ್ಕಿದ್ದನ್ನು ಅಳಿಸದೆ ಬರೀ ಹೇಳಬೇಕೆಂದು ಮೂರಕ್ಕೂ ಹೊಂದಿಸಿ, ಮೊದಲು ಮೂಡಲಗಿಯದಕ್ಕೆ ಹಚ್ಚಿದೆ. ಸೈರನ್ ಹೊಡೆಯಿತು.

“ಅದು ಎಲ್ಲಾದಕ್ಕೂ ಒದರತೈತಿ. ಮುಂದಿಂದಕ್ಕ ಹಚ್ರಿ.”

ಹುಕ್ಕೇರಿಯದು ಸದ್ದು ಮಾಡಲಿಲ್ಲ.

“ನೋಡ್ರಿ, ಸುಮ್ಮನೈತಿ. ಇದು ಶಾಣ್ಯಾ ಸಾಫ್ಟ್‌ವೇರ್,” ಎಂದರು ಚೇರಮನ್ನರು.

“ಮೂಲ್ಯಾಗ ಸಣ್ಣದಾಗಿ ಬರದೈತ್ರಿ ಸಾಹೇಬ್ರ. ಚಾಳೀಸ ಹಾಕ್ಕೊಂಡು ನೋಡ್ರಿ,” ಎಂದೆ.

ಅವರು ಕನ್ನಡಕ ಹಾಕಿಕೊಂಡು ಬಗ್ಗಿ ಓದಿದರು. ಮತ್ತೊಮ್ಮೆ ಓದಿದರು. ಗೋಕಾಕದ ಕಂಪ್ಯೂಟರಿನ ಕಡೆ ಬೆರಳು ತೋರಿಸಿದರು. ಅದು ತನ್ನ ಸ್ವಭಾವದಂತೆ ಎತ್ತಿ, ತಿರುವಿ, ಮೂಸಿ ನೋಡತೊಡಗಿತು. ಚಹಾ ಬಂತು. ಎಲ್ಲರೂ ಕುಡಿದು ಕಪ್ಪು ಕೆಳಗಿಡುವ ಹೊತ್ತಿಗೆ ಇಡೀ ಪರದೆ ಕೆಂಪಾಯಿತು. ತಿಂಗಳಿಡೀ ಒಂದಕ್ಕೊಂದು ತಾಳೆಯಾಗದ ಮೂರೂ ಸಾಫ್ಟ್‌ವೇರುಗಳು ಒಂದೇ ಹೆಸರು ಹೇಳಿದ್ದವು. ಬಾಯಾರ ಕಂಪ್ಯೂಟರಿನಿಂದ ನಾನು ತೆಗೆದಿದ್ದ ವೈರಸಿನ ಹೆಸರೂ ಅದೇ.

“ಇದರಾಗ ಏನೈತ್ರಿ ಸಾಹೇಬ್ರ?” ಎಂದು ಕೇಳಿದೆ.

ಅವರ ಪರವಾಗಿ ಪಕ್ಕದ ನಿರ್ದೇಶಕರು ಉತ್ತರ ಕೊಟ್ಟರು, ಪಾಪ, ಒಳ್ಳೆಯ ಮನಸ್ಸಿನಿಂದಲೇ. “ಸಾಹೇಬ್ರ ಸತ್ಕಾರದ ವಿಡಿಯೋರಿ. ಹ್ವಾದ ಮೀಟಿಂಗಿನ್ಯಾಗ ಎಲ್ಲಾರೂ ಕೂಡಿ ನೋಡಿದ್ವಲ್ಲ, ಬಾಯಾರ ಕಂಪ್ಯೂಟರಿನ ಮ್ಯಾಲ.”

ಎಲ್ಲರಿಗೂ ನೆನಪಾಯಿತು. ವೈರಸ್ ಒಳಗೆ ಹೋಗುತ್ತಿದ್ದಾಗ ಇಡೀ ಆಡಳಿತ ಮಂಡಳಿ ಚಪ್ಪಾಳೆ ತಟ್ಟಿತ್ತು.

ಚೇರಮನ್ನರು ಕನ್ನಡಕ ತೆಗೆದು ಜೇಬಿಗಿಟ್ಟರು. “ಹುಕ್ಕೇರಿದ್ದ ತಗೋಳೂಣು. ಹಿಡೀಬೇಕು, ಖರೆ. ಆದರ ಎಲ್ಲಾರ ಮುಂದ ಒದರಬಾರದು.”

ಎಲ್ಲರೂ ಏಳತೊಡಗಿದರು. ಆಗ ಬಾಯಾರು ಪೆನ್ನು ಹಿಡಿದೇ ಎದ್ದು ನಿಂತರು.

“ಇನ್ನೊಂದು ಠರಾವು ಉಳದೈತ್ರಿ ಸಾಹೇಬ್ರ. ‘ವೈರಸ್ ತಂದ ಕಾರಣ ಇವರನ್ನು ದಡ್ಡಿ ಶಾಖೆಗೆ ವರ್ಗ ಮಾಡಲಾಗಿದೆ’ ಅಂತ ಬರದೇನಿ. ಹೆಸರಿನ ಜಾಗಾ ಖಾಲಿ ಬಿಟ್ಟೇನಿ. ಯಾರ ಹೆಸರು ಬರೀಲಿ?”

ನಿರ್ದೇಶಕರು ಖಾಲಿ ಕಪ್ಪುಗಳನ್ನು ಎತ್ತಿ ಮತ್ತೆ ಕುಡಿಯತೊಡಗಿದರು. ಚೇರಮನ್ನರು ಫ್ಯಾನ್ ಕಡೆ ನೋಡಿದರು.

“ಪೆನ್ ಡ್ರೈವ್ ಅಂತ ಬರೀರಿ,” ಎಂದರು.

ಬಾಯಾರು ಬರೆದರು. ಠರಾವು ಅವಿರೋಧವಾಗಿ ಪಾಸಾಯಿತು. ಪಾಸಾದ ಠರಾವನ್ನು ಜಾರಿ ಮಾಡದೆ ಬಿಡುವ ಹಾಗಿಲ್ಲವಲ್ಲ, ಮರುದಿನ ಬಾಯಾರೇ ಪೆನ್ ಡ್ರೈವನ್ನು ಲಕೋಟೆಗೆ ಹಾಕಿ, ವರ್ಗದ ಆದೇಶದ ಸಮೇತ ಬೆಳಗಿನ ಬಸ್ಸಿಗೆ ಕೊಟ್ಟು ದಡ್ಡಿಗೆ ಕಳಿಸಿದರು. ಅದೇ ಸಂಜೆಯ ಬಸ್ಸಿಗೆ ಅಲ್ಲಿನ ಮ್ಯಾನೇಜರರಿಂದ ಬರಹದಲ್ಲಿ ಉತ್ತರ ಬಂತು:

“ಸದರಿ ಪೆನ್ ಡ್ರೈವ್ ಇಂದು ಮಧ್ಯಾಹ್ನ ಕೆಲಸಕ್ಕೆ ಹಾಜರಾಗಿರುತ್ತದೆ. ನಮ್ಮ ಶಾಖೆಯಲ್ಲಿ ಕಂಪ್ಯೂಟರ್ ಇಲ್ಲದ ಕಾರಣ, ಅದಕ್ಕೆ ಯಾವ ಕೆಲಸ ಕೊಡಬೇಕೆಂದು ತಿಳಿಸಬೇಕಾಗಿ ವಿನಂತಿ.”