ನೂರಕ್ಕೆ ನೂರು ಅಸಲಿ

ತಂತ್ರಾಂಶದ ಡಿಜಿಟಲ್ ಸಹಿ ತಾಳೆ ನೋಡುವ ಕೀಲಿಯ ಅವಧಿ ಮುಗಿದಿತ್ತು, ಅಷ್ಟೇ ನೆಪ. ಪ್ರೆಸ್ಸಿನ ಆರು ಲಿನಕ್ಸ್ ಕಂಪ್ಯೂಟರುಗಳೂ ಬೆಳಿಗ್ಗೆ ಹತ್ತಕ್ಕೆ ಹೊಸದೇನನ್ನೂ ತರಿಸೆವೆಂದು ಹಟ ಹಿಡಿದು ಕೂತವು.

ಅವುಗಳ ಉಸ್ತುವಾರಿಯವನಿಗೆ ಎಲ್ಲರೂ ಇಟ್ಟ ಹೆಸರು ಮುದ್ರೆಯಪ್ಪ. ತಂತ್ರಾಂಶಗಳ ಭಂಡಾರವನ್ನು ಆತ ಗಿಟ್ ಎಂಬ ವ್ಯವಸ್ಥೆಯ ಮೂಲಕವೇ ತರಿಸುತ್ತಿದ್ದ. ಅದರಲ್ಲಿ ಯಾರು ಯಾವಾಗ ಏನು ತಿದ್ದಿದರೆಂಬ ದಾಖಲೆಯಿರುತ್ತದೆ, ಪ್ರತಿ ತಿದ್ದುಪಡಿಗೂ ಡಿಜಿಟಲ್ ಸಹಿ. ಸಹಿ ತಾಳೆಯಾಗದಿದ್ದರೆ ಬ್ರಹ್ಮನೇ ಕಳಿಸಿದರೂ ಒಳಗೆ ಬಿಡುವವನಲ್ಲ.

ಮಾಲೀಕರು ಗಡಿಯಾರ ತೋರಿಸಿದರು. “ನಾಲ್ಕಕ್ಕೆ ಪಠ್ಯಪುಸ್ತಕ ಅಚ್ಚಿಗೆ ಹೋಗ್ಬೇಕು. ಹೊಸ ಫಾಂಟ್ ಹಾಕಿ ಪುಟ ಕೊಡ್ಲಿಲ್ಲ ಅಂದ್ರೆ, ಈ ಉಸ್ತುವಾರಿ ನನ್ನ ಭಾವಮೈದನಿಗೆ, ನೀನು ಬೈಂಡಿಂಗಿಗೆ.”

ಭಾವಮೈದ ಬಾಗಿಲಲ್ಲೇ ನಿಂತಿದ್ದ. “ಆ ತಪಾಸಣೆ ಆಫ್ ಮಾಡಣ್ಣ. ಎರಡು ನಿಮಿಷದ ಕೆಲ್ಸ.”

“ನಡುವೆ ಯಾವನೋ ಕಳ್ಳ ವಿಷ ಬೆರೆಸಿ ಕಳಿಸಿದ್ರೆ?” ಎಂದ ಮುದ್ರೆಯಪ್ಪ.

ಪ್ರೂಫ್ ನೋಡುವ ಅಕ್ಕ ಕನ್ನಡಕ ಇಳಿಸಿದಳು. “ಬಿಡಪ್ಪ, ಅಳಿಯ ಮನೆಗೆ ಬಂದ್ರೂ ಗುರುತಿನ ಚೀಟಿ ನೋಡಿ ನೀರು ಕೊಡೋನು ಇವನು.”

ಹೊಸ ಕೀಲಿಯೇನೋ ಸಿಕ್ಕಿತು. ಅಸಲಿಯೇ? ಮುದ್ರೆಯಪ್ಪ ಭಂಡಾರ ನೋಡಿಕೊಳ್ಳುವವರೊಬ್ಬರಿಗೆ ಹತ್ತಾರು ಸಲ ಫೋನ್ ಹಚ್ಚಿ, ಊಟದ ಹೊತ್ತು ದಾಟಿದ ಮೇಲೆ ಹಿಡಿದು, ಕೀಲಿಯ ನಲವತ್ತು ಅಕ್ಷರದ ಗುರುತನ್ನು ತಾಳೆ ನೋಡಲು ಒಂದೊಂದಾಗಿ ಓದತೊಡಗಿದ. ಇಪ್ಪತ್ತನೆಯದಕ್ಕೆ ಕಾಗದ ಕತ್ತರಿಸುವ ಯಂತ್ರ ಗುಡುಗಿತು. ಮತ್ತೆ ಮೊದಲಿಂದ. ಮೂವತ್ತೊಂಬತ್ತಕ್ಕೆ ಬೈಂಡರ್ ಮಾವ ಸೀನಿದರು. “ನಾನಲ್ಲ,” ಎಂದು ಮೂಗೊರೆಸಿಕೊಂಡರು. ಮತ್ತೆ ಮೊದಲಿಂದ. ಇಡೀ ಪ್ರೆಸ್ಸು ಜಪಕ್ಕೆ ಕೂತಂತೆ ಉಸಿರು ಹಿಡಿದು ಕೂತಿತು.

ಮೂರೂಕಾಲಿಗೆ ತಾಳೆಯಾಯಿತು. ಭಂಡಾರ ಹೊಳೆಯಂತೆ ಹರಿದು ಬಂತು. ಒಂದೊಂದು ಸಹಿಯೂ ಅಪ್ಪಟ. ಮುದ್ರೆಯಪ್ಪ ಮೇಲೆ ನೋಡಿ ಕೈಮುಗಿದು, ಆರೂ ಕಂಪ್ಯೂಟರುಗಳನ್ನು ಅಪ್‌ಡೇಟ್ ಮಾಡಿ, ಭಂಡಾರದಲ್ಲಿ ಇಲ್ಲದ್ದನ್ನೆಲ್ಲ ಅವುಗಳಿಂದ ಭಕ್ತಿಯಿಂದ ಗುಡಿಸಿ ಹಾಕಿದ. ಹೊಸ ಫಾಂಟ್ ಬಂದಿತ್ತು. ಪುಟ ಜೋಡಿಸುವ ತಂತ್ರಾಂಶ ಹೋಗಿತ್ತು.

ದಾಖಲೆ ತೆಗೆದರೆ ಭಂಡಾರದವರೇ ನಿನ್ನೆ ಬರೆದಿದ್ದರು: ‘ಈ ಹಳೇ ತಂತ್ರಾಂಶವನ್ನು ಭೂಮಿಯ ಮೇಲೆ ಯಾರೂ ಬಳಸುತ್ತಿಲ್ಲ. ತೆಗೆದಿದ್ದೇವೆ.’

“ಕಳ್ಳರ ಕೆಲಸವೇನಯ್ಯಾ?” ಎಂದರು ಮಾಲೀಕರು.

“ಛೆ, ಇಲ್ಲ ಸಾರ್. ಸಹಿ ನೂರಕ್ಕೆ ನೂರು ಅಸಲಿ. ಹಳೇದೆಲ್ಲ ದಾಖಲೆಯಲ್ಲಿ ಹಾಗೇ ಇರುತ್ತೆ, ವಾಪಸ್ ತರ್ಬಹುದು. ಎರಡು ಗಂಟೆ ಕೊಡಿ.”

“ಹತ್ತು ನಿಮಿಷ ಇದೆ.”

ಹನ್ನೊಂದನೆಯ ನಿಮಿಷಕ್ಕೆ ಮಾಲೀಕರು ಚೀಟಿ ಬರೆದು ಸಹಿ ಹಾಕಿ ಕೈಗಿತ್ತರು: ‘ನಾಳೆಯಿಂದ ಬೈಂಡಿಂಗ್.’

ಅಭ್ಯಾಸಬಲ ನೋಡಿ, ಮುದ್ರೆಯಪ್ಪ ಅದನ್ನು ಗೋಡೆಯ ಮೇಲಿದ್ದ ಮಾಲೀಕರ ಹಳೇ ಆದೇಶದ ಪಕ್ಕ ಹಿಡಿದು ಸಹಿ ಪರೀಕ್ಷಿಸಿದ.

ಭಗವಂತನ ದಯೆ, ತಾಳೆಯಾಯಿತು.