ಮಾವನ ಬಾಡಿಗೆ ವಸೂಲಿ

ಈ ಸಂಗತಿ ನಡೆದದ್ದು ಐವತ್ತೆಂಟರಲ್ಲೋ ಅರವತ್ತರಲ್ಲೋ, ನನಗೆ ಸರಿಯಾಗಿ ನೆನಪಿಲ್ಲ. ಹೀಗೆಯೇ ನಡೆಯಿತೆಂದು ಆಣೆ ಇಡಲೂ ನಾನು ಸಿದ್ಧನಿಲ್ಲ. ಮದ್ರಾಸಿನಲ್ಲಿ ತರ್ಕಶಾಸ್ತ್ರ ಓದಿ ಬಂದ ಮೇಲೆ ಇತರರ ಮಾತನ್ನು ನಂಬುವ ಅಭ್ಯಾಸ ತಪ್ಪಿತು; ವಯಸ್ಸಾದ ಮೇಲೆ ನನ್ನ ನೆನಪನ್ನು ನಂಬುವ ಅಭ್ಯಾಸವೂ ತಪ್ಪಿದೆ. ಆದರೂ ಹೇಳುತ್ತೇನೆ: ಪುತ್ತೂರಿನಿಂದ ಸುಬ್ರಹ್ಮಣ್ಯದವರೆಗೆ ಹುಡುಕಿದರೂ ಬಾಡಿಗೆ ವಸೂಲಿಯಲ್ಲಿ ನನ್ನ ಸೋದರಮಾವನಷ್ಟು ನಿಷ್ಪ್ರಯೋಜಕ ಮನುಷ್ಯ ಸಿಗಲಾರ!

ಪಂಜದಲ್ಲಿ ಬಸ್ಸು ನಿಲ್ಲುವಲ್ಲಿ ಮಾವನದೊಂದು ಕೋಣೆಯಿತ್ತು. ಒಬ್ಬ ದರ್ಜಿ ಅದರಲ್ಲಿ ಬಾಡಿಗೆಗಿದ್ದ. ಎದುರಿಗೆ ಹೊಲಿಗೆ, ಹಿಂದೆ ಸಂಸಾರ. ಹೆಂಡತಿ ಹೆರಿಗೆಗೆಂದು ಕೊಲ್ಲಮೊಗ್ರಿನ ಅಣ್ಣನ ಮನೆಗೆ ಹೋದಳು. ಆ ತಿಂಗಳೇ ದರ್ಜಿ ಕಾಣೆಯಾದ. ಬಾಗಿಲಿಗೆ ಬೀಗ. ಘಟ್ಟದ ಮೇಲೆ ಹೋದನೆಂದು ಕೆಲವರು, ಬೊಂಬಾಯಿಗೆಂದು ಕೆಲವರು. ನಾನು ಹೊಲಿಯಲು ಕೊಟ್ಟಿದ್ದ ಅಂಗಿಯ ಬಟ್ಟೆಯೂ ಆ ಬೀಗದ ಒಳಗೇ ಉಳಿದದ್ದರಿಂದ ಈ ವಿಷಯದಲ್ಲಿ ನಾನು ಪೂರ್ತಿ ನಿಷ್ಪಕ್ಷಪಾತಿಯಲ್ಲ.

“ಬೀಗ ಒಡೆದು ನೋಡುವ, ಮಾವ,” ಎಂದೆ.

“ನಿಮ್ಮ ಮದ್ರಾಸಿನಲ್ಲಿ ಬೀಗ ಒಡೆಯುದು ಕಲಿಸ್ತಾರಾ?” ಎನ್ನುತ್ತಾ ಮಾವ ಜನಿವಾರಕ್ಕೆ ಕಟ್ಟಿದ್ದ ಕೀಲಿಕೈಯನ್ನು ಕಿವಿಗೆ ಹಾಕಿದರು. ಕಿವಿ ತುರಿಸುವುದಲ್ಲದೆ ಆ ಕೀಲಿಕೈಗೆ ಬೇರೆ ಉಪಯೋಗವಿದ್ದದ್ದನ್ನು ನಾವು ಯಾರೂ ಕಂಡಿರಲಿಲ್ಲ. “ಬೀಗ ಹಾಕಿ ಹೋದವ ಬರ್ತಾನೆ ಮಾರಾಯ. ಓಡಿ ಹೋಗುವವ ಬೀಗ ಹಾಕ್ತಾನಾ?”

ಈ ತರ್ಕ ನನ್ನ ಮದ್ರಾಸಿನ ಪುಸ್ತಕಗಳಲ್ಲಿ ಇರಲಿಲ್ಲ.

ಪ್ರತಿ ಸಂಕ್ರಮಣದ ಮರುದಿನ ಮಾವ ವಸೂಲಿಗೆಂದು ಕೊಲ್ಲಮೊಗ್ರಿಗೆ ಹೊರಡುತ್ತಿದ್ದರು. ಚೀಲದಲ್ಲಿ ಅವಲಕ್ಕಿ, ಬೆಲ್ಲ, ಮಗುವಿಗೆ ಹಚ್ಚುವ ಎಣ್ಣೆ. ಅತ್ತೆ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು: “ವಸೂಲಿಗೆ ಹೋದವರು ಚೀಲ ತುಂಬಿಸಿಕೊಂಡು ಬರುದು ಕ್ರಮ. ನಮ್ಮವರು ತುಂಬಿಸಿಕೊಂಡು ಹೋಗುದು.”

ಒಮ್ಮೆ ನಾನೂ ಜೊತೆಗೆ ಹೋದೆ. ಮಾವ ಆ ಅಣ್ಣನ ಮನೆಯ ಅಂಗಳದಲ್ಲಿ ನಿಂತು, ನಾಲ್ಕು ಮನೆಗೆ ಕೇಳುವ ಹಾಗೆ ಶುರು ಮಾಡಿದರು.

“ಎಲ್ಲಿ ನಿನ್ನ ಗಂಡ? ಬಾಡಿಗೆ ಬಾಕಿ ಇಟ್ಟು ಊರೂರು ತಿರುಗುದಾ? ಬಂದ ಕೂಡ್ಲೇ ನನ್ನಲ್ಲಿಗೆ ಕಳಿಸು.”

ಮಗುವನ್ನೆತ್ತಿಕೊಂಡು ಬಂದ ಆಕೆ ಬೈಗುಳವನ್ನು ಪ್ರಸಾದದಂತೆ ಸ್ವೀಕರಿಸಿದಳು. ಅವಳ ಅಣ್ಣ ಮೆಲ್ಲ ಕೇಳಿದ: “ಧಣಿಗಳೇ, ಭಾವ ಬಿಟ್ಟೇ ಹೋದ್ದಾ ಎಂತ?”

“ಬಿಟ್ಟು ಹೋದವನ ಬಾಡಿಗೆ ಕೇಳ್ಲಿಕ್ಕೆ ಇಷ್ಟು ದೂರ ಬರ್ಲಿಕ್ಕೆ ನನಗೆಂತ ಮಂಡೆ ಸಮ ಇಲ್ವಾ?”

ಅಣ್ಣ ಒಳಗೆ ತಿರುಗಿ ಹೆಂಡತಿಗೆ ಹೇಳಿದ: “ಕೇಳಿತಲ್ಲ? ಇನ್ನು ಅವಳನ್ನು ಗಂಡ ಬಿಟ್ಟವಳು ಅಂತ ಹೇಳ್ಬೇಡ.”

ಹೊರಡುವಾಗ ಆಕೆ ಹಿಂದಿನಿಂದ ಬಂದು ಕೇಳಿದಳು: “ಬೀಗ ಹಾಗೇ ಉಂಟಾ?”

“ಹಾಗೇ ಉಂಟು. ಮೆಷಿನು ಒಳಗಿರುವಾಗ ಅವ ಎಲ್ಲಿಗೆ ಹೋಗ್ತಾನೆ?”

ಬಸ್ಸಿನಲ್ಲಿ ನಾನು ಸುಮ್ಮನಿರಲಾರದೆ ಕೇಳಿದೆ: “ಅವಳ ಹತ್ತಿರ ದುಡ್ಡಿಲ್ಲ ಅಂತ ಗೊತ್ತುಂಟು. ಮತ್ತೆ ಯಾಕೆ ಕೇಳುದು?”

“ಕೇಳುದು ಬಿಟ್ಟರೆ ಅವ ಹೋದ ಅಂತ ಆಯ್ತಲ್ಲ,” ಎಂದು ಮಾವ ಮತ್ತೆ ಕಿವಿ ತುರಿಸಿಕೊಂಡರು. ಮುದುಕನ ಹಟ ಎಂದುಕೊಂಡೆ.

ಮರುವರ್ಷ ಮಾವನಿಗೆ ಪುತ್ತೂರಿನ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಶನ್ ಆಯಿತು. ಹಿಂದಿನ ದಿನ ಕೀಲಿಕೈ ಬಿಚ್ಚಿ ನನ್ನ ಕೈಯಲ್ಲಿಟ್ಟು, “ಜಾಗ್ರತೆ,” ಎಂದರು.

“ಕಿವಿ ತುರಿಸುವ ಕೀಲಿಕೈಗೆ ಎಂತ ಜಾಗ್ರತೆ ಮಾವ?”

ಅವರು ನಗಲಿಲ್ಲ. “ಸಂಕ್ರಮಣ ಬಂತು. ಈ ಸಲ ವಸೂಲಿಗೆ ನೀನು ಹೋಗು. ಮೆಲ್ಲ ಕೇಳಿದರೆ ಆಗ್ಲಿಕ್ಕಿಲ್ಲ, ಜೋರು ಮಾಡ್ಬೇಕು. ತಪ್ಪಿಸ್ಬೇಡ.”

ಆಪರೇಶನ್ ಸುಸೂತ್ರವಾಗಿ ಮುಗಿಯಿತು. ನಾನು ಹೊರಟೆ. ಪಂಜದಲ್ಲಿ ಡ್ರೈವರ್ ಚಾ ಕುಡಿಯಲು ಇಳಿದ. ಎದುರಿಗೆ ಬೀಗ, ಜೇಬಿನಲ್ಲಿ ಕೀಲಿಕೈ. ಸಂಶಯ ಪಡುವವನಿಗೆ ಇನ್ನೇನು ಬೇಕು? ಹಾಕಿ ತಿರುಗಿಸಿದೆ. ಬೀಗ ಎಣ್ಣೆ ಹಾಕಿಟ್ಟ ಹಾಗೆ ತೆರೆದುಕೊಂಡಿತು.

ಒಳಗೆ ಮೆಷಿನಿರಲಿಲ್ಲ. ಪಾತ್ರೆಗಳಿರಲಿಲ್ಲ. ನನ್ನ ಅಂಗಿಯ ಬಟ್ಟೆಯಂತೂ ಇರಲಿಲ್ಲ. ಗೋಡೆಗೊಂದು ಮೊಳೆ, ನೆಲದಲ್ಲಿ ನಾಲ್ಕು ನೂಲಿನ ತುಂಡು. ದರ್ಜಿ ಎಲ್ಲವನ್ನೂ ಹೊತ್ತು, ಬಾಗಿಲು ತೆರೆದಿಟ್ಟೇ ಹೋಗಿದ್ದ. ಬೀಗ ಮಾವನದು.

ಹಾರ್ನ್ ಕೇಳಿತು. ನಾನು ಬಾಗಿಲೆಳೆದು ಬೀಗ ಹಾಕಿ ಬಸ್ಸು ಹತ್ತಿದೆ.

ಕೊಲ್ಲಮೊಗ್ರಿನ ಅಂಗಳದಲ್ಲಿ ನಿಂತು ನಾನೂ ಜೋರು ಮಾಡಿದೆ. ಅಭ್ಯಾಸವಿಲ್ಲದ ಗಂಟಲು, ನಡುವೆ ಎರಡು ಕಡೆ ಒಡೆಯಿತು. ಆಕೆ ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಗೇಟಿನವರೆಗೆ ಬಂದು ಕೇಳಿದಳು:

“ಬೀಗ ಹಾಗೇ ಉಂಟಾ ಅಣ್ಣ?”

“ಹಾಗೇ ಉಂಟು ತಂಗಿ.”

ಇಸವಿ ತಪ್ಪಿರಬಹುದು, ಯಾರು ಏನೆಂದರು ಎಂಬುದೂ ತಪ್ಪಿರಬಹುದು. ಆದರೆ ಅಂದು ಆ ಬಾಗಿಲಿಗೆ ಬೀಗವಿತ್ತು. ನಾನೇ ಎರಡು ಸಲ ಎಳೆದು ನೋಡಿ ಬಂದಿದ್ದೆ.