ದುರ್ಬೀನಪ್ಪನ ಕೂಗಳತೆ

ಇಷ್ಟೆಲ್ಲ ರಂಪಕ್ಕೆ ಮೂಲ ಒಂದು ಜಲ್ಲಿ ರಾಶಿ. ದುರ್ಬೀನಪ್ಪನ ಮನೆಯ ಮೆಟ್ಟಿಲು ರಿಪೇರಿಯಾದಾಗ ಉಳಿದು, ಮುಂದಿನ ಗೇಟಿನ ಪಕ್ಕದಲ್ಲಿ ಗುಡ್ಡೆ ಬಿದ್ದಿತ್ತು. "ನಾಳೆ ತೆಗೆಸ್ತೀನಿ ಕಣೇ" ಎಂದು ಹೆಂಡತಿಗೆ ಮಾತು ಕೊಟ್ಟಿದ್ದ. ಆ ನಾಳೆ ಇನ್ನೂ ಬಂದಿರಲಿಲ್ಲ. ಜಲ್ಲಿಯ ಪಕ್ಕದಲ್ಲಿ ಹಾದುಹೋದರೆ ಜಲ್ಲಿಯ ಮಾತು ಬರುತ್ತದೆ, ಮಾತು ಬಂದರೆ ಬೆಳಗು ಹಾಳಾಗುತ್ತದೆ ಎಂದು ಅವನು ಮುಂಬಾಗಿಲಿನ ಸಹವಾಸವನ್ನೇ ಬಿಟ್ಟಿದ್ದ. ಹೋಗುವುದೂ ಹಿತ್ತಲಿನಿಂದ, ಬರುವುದೂ ಹಿತ್ತಲಿನಿಂದ. ಸ್ವಂತ ಮನೆಯಲ್ಲಿ ಕಳ್ಳನ ಹಾಗೆ ಓಡಾಡುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು.

ದುರ್ಬೀನಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿ ಇತ್ತು. ಪ್ರಾಣವೆಲ್ಲ ಹಕ್ಕಿಗಳ ಮೇಲಿತ್ತು. ಅವನದು ಬೀದಿಯ ಕಟ್ಟಕಡೆಯ ಮನೆ. ಮನೆಯ ಬೆನ್ನಿಗೇ ಒಂದು ಪಾಳು ಬಯಲು, ಹುಲ್ಲು, ಮುಳ್ಳು, ಒಂದಿಷ್ಟು ಕೆಸರು, ನಡುವೆ ಒಂದು ಚಪ್ಪಟೆ ಕಲ್ಲು. ಬೆಳಗ್ಗೆ ಆ ಕಲ್ಲಿನ ಮೇಲೆ ಕೂತು ದುರ್ಬೀನನ್ನು ಕಣ್ಣಿಗೇರಿಸಿದನೆಂದರೆ ಅವನಿಗೆ ಲೋಕದಲ್ಲಿ ಬೇರೇನೂ ಬೇಡ. ಅಲ್ಲಿ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಪಾಪ, ಅವನು ಬಯಸಿದ ಸುಖವೂ ಅಷ್ಟೇ.

ಆವತ್ತೂ ಅವನು ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಲಿಗೆ ಜಾರುತ್ತಿದ್ದ. ಅಡುಗೆಮನೆಯಿಂದ ದನಿ ಬಂತು.

"ರೀ, ಆ ಜಲ್ಲಿ..."

"ನಾಳೆ ಖಂಡಿತ ಕಣೇ."

"ನಾಳೆ ಅಂತೆ ನಾಳೆ! ಕಸ ಹಾಕೋಕೆ ಗೇಟಿನ ಹತ್ರ ಹೋಗೋ ಹಾಗಿಲ್ಲ, ಯಾವುದೋ ಹಕ್ಕಿ ಬಂದು ತಲೆಗೇ ಎರಗುತ್ತೆ. ಬಿಸಿಲಿಲ್ಲ ಮಳೆಯಿಲ್ಲ, ಕೊಡೆ ಹಿಡ್ಕೊಂಡು ಓಡಾಡ್ತಿದೀನಿ ನಾನು."

"ಕಾಗೆ ಇರ್ಬೇಕು ಬಿಡು."

"ಕಾಗೆನೋ ಗೂಗೆನೋ! ಇವತ್ತು ನೀವು ತೆಗೆಸ್ಲಿಲ್ಲ ಅಂದ್ರೆ ನಾನೇ ಆಳು ಕರೆಸ್ತೀನಿ. ಇಲ್ಲಾಂದ್ರೆ ಹಳೇ ಮಾರ್ಕೆಟ್ ಹತ್ರ ಅಣ್ಣನ ಮನೆಗೆ ಹೋಗಿ ಕೂತ್ಕೊಳ್ತೀನಿ. ಅಲ್ಲಾದ್ರೂ ನೆಮ್ಮದಿ ಇದೆ."

ದುರ್ಬೀನಪ್ಪ ಹೂಂಗುಟ್ಟುತ್ತಲೇ ಬೇಲಿ ದಾಟಿ ಕಲ್ಲು ಸೇರಿದ. ಬಯಲಿನಲ್ಲಿ ಟಿಟ್ಟಿಭದ ಗಂಡು ಹಾಜರಿತ್ತು. ಉದ್ದನೆಯ ಹಳದಿ ಕಾಲು, ಬೀದಿಗೆಲ್ಲ ಕೇಳಿಸುವ ಕಿರುಚಲು. ಟಿಟ್ಟಿಭ ಮರದಲ್ಲಿ ಗೂಡು ಕಟ್ಟುವುದಿಲ್ಲ, ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ಗಂಡು ಇಷ್ಟು ಅರಚುತ್ತಿದೆ ಎಂದರೆ ಮೊಟ್ಟೆ ಇಲ್ಲೇ ಎಲ್ಲೋ ಇದೆ ಎಂದು ಅವನ ಲೆಕ್ಕ. ಹುಡುಕಲು ಮಾತ್ರ ಹೋಗಿರಲಿಲ್ಲ. ಕಾಲಡಿ ಸಿಕ್ಕಿ ಮೊಟ್ಟೆ ಒಡೆದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

"ಅಧ್ಯಕ್ಷರೇ!"

ದುರ್ಬೀನಪ್ಪ ಬೆಚ್ಚಿಬಿದ್ದ. ಬೀದಿಯ ಸಂಘದ ಕಾರ್ಯದರ್ಶಿ ಮುಳ್ಳು ಬಿಡಿಸಿಕೊಳ್ಳುತ್ತ ಬರುತ್ತಿದ್ದರು. ಈ 'ಅಧ್ಯಕ್ಷ'ಗಿರಿ ಹೋದ ವಾರ ಅಂಟಿದ್ದು. ಈ ಬಯಲಿನಲ್ಲಿ ಊರಿನ ಕಸದ ಲಾರಿಗಳನ್ನೆಲ್ಲ ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಬಂದದ್ದೇ ತಡ, ಗುಬ್ಬಿಗೂ ಗಿಡುಗಕ್ಕೂ ವ್ಯತ್ಯಾಸ ತಿಳಿಯದ ಬೀದಿಯವರಿಗೆಲ್ಲ ಹಕ್ಕಿಗಳ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿಬಂದಿತ್ತು. ರಾತ್ರೋರಾತ್ರಿ ಪಕ್ಷಿಸಂರಕ್ಷಣಾ ಸಮಿತಿ ಹುಟ್ಟಿತು. ಸಭೆಗೆ ಯಾರು ಬಂದಿಲ್ಲವೋ ಅವರನ್ನೇ ಅಧ್ಯಕ್ಷರನ್ನಾಗಿ ಮಾಡುವುದು ಆ ಸಂಘದ ಪದ್ಧತಿ. ದುರ್ಬೀನಪ್ಪ ಆ ಹೊತ್ತಿನಲ್ಲಿ ಗೂಬೆ ನೋಡುತ್ತಿದ್ದ.

"ಇವತ್ತು ಸಂಜೆ ಸಾಹೇಬ್ರು ಬರ್ತಾರೆ. ಲಾರಿಗಳೂ ಹಿಂದೇನೇ ಬರ್ತವಂತೆ," ಎಂದರು ಕಾರ್ಯದರ್ಶಿ. "ಕಾಯ್ದೆ ಓದ್ಕೊಂಡು ಬಂದಿದೀನಿ. ಗೂಡಲ್ಲಿ ಮೊಟ್ಟೆ ಇದ್ರೆ ಅಲ್ಲಿಂದ ಒಂದು ಕೂಗಳತೆ ದೂರ ಯಾರೂ ಕಾಲಿಡೋ ಹಾಗಿಲ್ಲ. ಕೂಗು ಎಲ್ಲೀವರೆಗೆ ಕೇಳಿಸುತ್ತೋ ಅಲ್ಲೀವರೆಗೆ ಹಕ್ಕೀದೇ ರಾಜ್ಯ. ಎಲ್ಲಿ, ಗೂಡು ತೋರ್ಸಿ."

"ಇಲ್ಲೇ ಎಲ್ಲೋ ಇದೆ. ನಾನು ನೋಡಿಲ್ಲ."

"ನೋಡಿಲ್ವಾ? ಬೆಳಗ್ಗೆ ಎದ್ದು ಕಣ್ಣಿಗೆ ಆ ಕೊಳವೆ ಹಾಕ್ಕೊಂಡು ಇಷ್ಟು ದಿನ ಮತ್ತೇನ್ ನೋಡ್ತಿದ್ರಿ?"

ದುರ್ಬೀನಪ್ಪ ಕಲ್ಲನ್ನು ಒಮ್ಮೆ ಸವರಿದ. ನಾಳೆ ಇಷ್ಟು ಹೊತ್ತಿಗೆ ಇದರ ಮೇಲೆ ಲಾರಿಯ ಗಾಲಿ ನಿಂತಿರುತ್ತದೆ.

ಅಂಗಡಿಯಲ್ಲಾದರೂ ನೆಮ್ಮದಿಯಿತ್ತೇ? ಗಿರಾಕಿಯೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ ಗೋಡೆಯ ಮೇಲಿನ ಅಕ್ಷರ ಓದಿಸುತ್ತಿದ್ದಾಗ ಹಿಂದಿನಿಂದ "ಓಹೋಯ್!" ಎಂದು ಸಿಡಿಲು ಬಡಿಯಿತು. ಗಿರಾಕಿ ಕುರ್ಚಿಯಿಂದ ಕೆಳಗೆ ಬಿದ್ದರು. ಕಪಾಟಿನ ಫ್ರೇಮುಗಳು ಗಲಗಲ ಅಂದವು. ಬಾಗಿಲಲ್ಲಿ ಮೈಕು ನಿಂತಿದ್ದರು. ದುರ್ಬೀನಪ್ಪನ ಎದುರು ಮನೆಯವರು. ಅವರು ಗುಟ್ಟು ಹೇಳಿದರೂ ಮೂರನೇ ಬೀದಿಗೆ ಮುಟ್ಟುತ್ತದೆ, ಅದಕ್ಕೇ ಆ ಹೆಸರು.

"ಸಂಜೆ ಕೂಗೋ ಕೆಲಸ ನನಗೇ ವಹಿಸಿದ್ದಾರೆ ಅಧ್ಯಕ್ಷರೇ. ಹೇಗಿದೆ ಗಂಟಲು?"

"ಸಾರ್, ದಮ್ಮಯ್ಯ, ಸಂಜೆಗೆ ಉಳಿಸ್ಕೊಳ್ಳಿ," ಎಂದು ದುರ್ಬೀನಪ್ಪ ಗಿರಾಕಿಯನ್ನು ಎತ್ತಿ ಕೂರಿಸಿದ. "ನೀವು ಎಷ್ಟು ಜೋರಾಗಿ ಕೂಗ್ತೀರೋ ಅಷ್ಟು ಜಾಗ ಉಳಿಯುತ್ತೆ. ಬಯಲಿನ ಒಂದು ಮೂಲೇನೂ ಬಿಡಬೇಡಿ."

ಅವರ ಹಿಂದೆಯೇ ಬಂದ ಕಾರ್ಯದರ್ಶಿ ಒಂದು ಚೀಲ ತೆರೆದು ತೋರಿಸಿದರು. ಒಳಗೆ ನಾಲ್ಕು ಕೋಳಿಮೊಟ್ಟೆ, ಮೈತುಂಬ ಮಸಿಯ ಚುಕ್ಕೆ.

"ಗೂಡು ಸಿಗದೇ ಹೋದ್ರೆ ಇರಲಿ ಅಂತ."

"ಛೇ ಛೇ! ಇದೆಲ್ಲ ಬೇಡ ಸಾರ್. ಸಿಕ್ಕಿಬಿದ್ರೆ ಮಾನ ಹೋಗುತ್ತೆ."

"ನೀವು ಹಕ್ಕಿ ವಿಷಯ ನೋಡ್ಕೊಳ್ಳಿ, ಮಾನದ ವಿಷಯ ನಮಗೆ ಬಿಡಿ," ಎಂದು ಕಾರ್ಯದರ್ಶಿ ಚೀಲದ ಬಾಯಿ ಬಿಗಿದು ಹೊರಟೇಹೋದರು.

ಸಂಜೆ ಬಯಲಿನಲ್ಲಿ ಬೀದಿಗೆ ಬೀದಿಯೇ ನೆರೆದಿತ್ತು. ರಸ್ತೆಯ ತಿರುವಿನಲ್ಲಿ ಕಸದ ಲಾರಿಗಳು ಸಾಲಾಗಿ ನಿಂತು ಗುರುಗುಟ್ಟುತ್ತಿದ್ದವು. ಸಾಹೇಬರು ಜೀಪಿನಿಂದ ಇಳಿದರು. ತೆಳ್ಳಗಿನ ಮನುಷ್ಯ, ನಗುವುದಕ್ಕೂ ಮೇಲಿನವರ ಅಪ್ಪಣೆ ಬೇಕು ಎನ್ನುವಂಥ ಮುಖ. ಜೊತೆಗೆ ಕೆಂಪು ಬಟ್ಟೆ ಹಿಡಿದ ಜವಾನ.

"ಅಧ್ಯಕ್ಷರು ಯಾರು?"

ಎಲ್ಲರೂ ಸೇರಿ ದುರ್ಬೀನಪ್ಪನನ್ನು ಮುಂದಕ್ಕೆ ತಳ್ಳಿದರು. ಕತ್ತಿನಲ್ಲಿದ್ದ ದುರ್ಬೀನನ್ನು ತೆಗೆದು ಕಲ್ಲಿನ ಮೇಲಿಟ್ಟು ಅವನು ಕೈ ಮುಗಿದ.

"ನೋಡಿ, ಗೂಡು ಸಿಕ್ಕರೆ ಕಾಯ್ದೆ ಕಟ್ಟುನಿಟ್ಟು. ಆಮೇಲೆ ಇವರನ್ನು ಬಿಡಿ, ಅವರನ್ನು ಬಿಡಿ ಅಂತ ಬರಬಾರದು."

ದುರ್ಬೀನಪ್ಪ ಜನ್ಮದಲ್ಲಿ ಭಾಷಣ ಮಾಡಿದವನಲ್ಲ. ಆದರೆ ಎದುರಿಗೆ ಬಯಲಿತ್ತು, ತಲೆಯ ಮೇಲೆ ಟಿಟ್ಟಿಭ ಕೂಗುತ್ತಿತ್ತು.

"ಸಾಹೇಬ್ರೇ, ಯಾರನ್ನೂ ಬಿಡಬೇಡಿ. ನನ್ನನ್ನೂ ಬಿಡಬೇಡಿ! ನಾನು ಬಂದು ಕಾಲಿಗೆ ಬಿದ್ರೂ ಬಿಡಬೇಡಿ! ಈ ಹಕ್ಕಿ ನೆಮ್ಮದಿಯಾಗಿದ್ರೆ ನನಗಷ್ಟೇ ಸಾಕು."

ಜನ ಚಪ್ಪಾಳೆ ತಟ್ಟಿದರು. ಸಾಹೇಬರು ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕಲು ಹೊರಟರು.

ಹುಲ್ಲು ಸರಿಸಿದರು, ಮುಳ್ಳಿನಲ್ಲಿ ಇಣುಕಿದರು, ಕೆಸರಿನಲ್ಲಿ ಒಂದು ಬೂಟು ಕಳೆದುಕೊಂಡು ಮತ್ತೆ ಪಡೆದರು. ಗೂಡಿಲ್ಲ. ಅವರ ಮುಖ ಗಂಟಾಗುತ್ತ ಬಂದಂತೆ ಕಾರ್ಯದರ್ಶಿ ಕೆಮ್ಮಿದರು.

"ಈ ಕಡೆ ನೋಡಿ ಸಾರ್. ಆಹಾ, ಇದೇನಿದು!"

ಹುಲ್ಲಿನ ಮೇಲೆ ಚುಕ್ಕೆಚುಕ್ಕೆಯ ನಾಲ್ಕು ಮೊಟ್ಟೆ. ಸಾಹೇಬರು ಬಗ್ಗಿ ಒಂದನ್ನು ಎತ್ತಿಕೊಂಡರು. ಬೆರಳಿಗೆ ಮಸಿ ಹತ್ತಿತು. ಕಲ್ಲಿಗೆ ತಟ್ಟಿ ಸಿಪ್ಪೆ ಸುಲಿದರು. ಒಳಗೆ ಬೆಳ್ಳಗೆ ಗಟ್ಟಿಯಾಗಿತ್ತು.

"ಇದು ಬೆಂದಿದೆಯಲ್ರೀ!"

"ದಾರೀಲಿ ಒಡೆದುಹೋದೀತು ಅಂತ..." ಎಂದು ಬಾಯಿಬಿಟ್ಟ ಕಾರ್ಯದರ್ಶಿ, ತಕ್ಷಣ ದುರ್ಬೀನಪ್ಪನ ಕಡೆ ತಿರುಗಿ, "ಏನ್ ಅಧ್ಯಕ್ಷರೇ ಇದೆಲ್ಲ?" ಎಂದರು.

ದುರ್ಬೀನಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸಾಹೇಬರು ಮೊಟ್ಟೆಯನ್ನು ಜವಾನನ ಕೈಗಿಟ್ಟು ಲಾರಿಗಳಿಗೆ ಬನ್ನಿ ಎಂದು ಕೈ ಬೀಸಿಯೇಬಿಟ್ಟರು. ಮೊದಲ ಲಾರಿ ಉರುಳತೊಡಗಿತು. ದುರ್ಬೀನಪ್ಪ ಓಡಿಹೋಗಿ ಕಲ್ಲಿನ ಮುಂದೆ ನಿಂತ. ಟಿಟ್ಟಿಭದ ಗಂಡು ಕೂಡ ಯಾಕೋ ಬಯಲನ್ನು ಬಿಟ್ಟು ಕಿರುಚುತ್ತ ಅವನ ಮನೆಯ ಕಡೆ ಹಾರಿಹೋಯಿತು.

ಆಗಲೇ ಆ ದಿಕ್ಕಿನಿಂದ ಹೆಂಡತಿಯ ದನಿ ಕೇಳಿಸಿತು.

"ರೀ! ಬೇಗ ಬನ್ನೀ ಇಲ್ಲಿ! ಜಲ್ಲಿ ತೆಗೆಸೋಕೆ ಆಳು ಕರೆಸಿದ್ರೆ ಈ ಹಾಳಾದ ಹಕ್ಕಿ ಸಲಿಕೆ ಹಾಕೋಕೇ ಬಿಡ್ತಿಲ್ಲ! ಅದರ ಮೇಲೆ ಮೊಟ್ಟೆ ಬೇರೆ ಇಟ್ಟುಬಿಟ್ಟಿದೆ!"

ಎಲ್ಲರೂ ದಡಬಡ ಓಡಿದರು. ಮುಂದಿನ ಗೇಟಿನ ಪಕ್ಕ, ಜಲ್ಲಿ ರಾಶಿಯ ಮೇಲೆ ಹೆಣ್ಣು ಟಿಟ್ಟಿಭ ಗತ್ತಿನಿಂದ ಕೂತಿತ್ತು. ಹೊಟ್ಟೆಯ ಕೆಳಗೆ ಜಲ್ಲಿಯದೇ ಬಣ್ಣದ ಮೊಟ್ಟೆಗಳು. ಕೊಡೆ ಬಿಚ್ಚಿದ ಹೆಂಡತಿ, ಸಲಿಕೆ ಬಿಟ್ಟು ಓಡುತ್ತಿರುವ ಆಳು, ಅವನ ತಲೆಯ ಮೇಲೆ ಗಂಡು. ಗಂಡು ಇಷ್ಟು ದಿನ ಬಯಲಿನಲ್ಲಿ ಅರಚುತ್ತಿದ್ದದ್ದು ನೋಡುವವರ ಕಣ್ಣು ಇತ್ತ ತಿರುಗದಿರಲಿ ಎಂದು. ಉಳಿದವರು ಹೋಗಲಿ, ದುರ್ಬೀನಪ್ಪನೇ ಬೇಸ್ತುಬಿದ್ದಿದ್ದ.

"ಮುಟ್ಟಬೇಡ ಕಣೇ! ಇದೇ ಗೂಡು! ಸಾಹೇಬ್ರೇ, ಇದೇ ಗೂಡು!" ಎಂದು ಅವನು ಕುಣಿದಾಡಿಬಿಟ್ಟ.

ಸಾಹೇಬರು ಬಗ್ಗಿ ನೋಡಿದರು. ಈ ಮೊಟ್ಟೆಗೆ ಮಸಿ ಹತ್ತಿರಲಿಲ್ಲ. ಲಾರಿಗೆ ನಿಲ್ಲಲು ಹೇಳಿ, "ಸರಿ, ಕೂಗಿ," ಎಂದರು. ಜವಾನ ಕೆಂಪು ಬಟ್ಟೆ ಹಿಡಿದು ಬಯಲಿನ ಆ ತುದಿಗೆ ಓಡಿದ. ಹೆಂಡತಿ, "ಅಯ್ಯೋ, ಒಲೆ ಮೇಲೆ ಹಾಲಿದೆ" ಎಂದು ಒಳಗೆ ಹೋದಳು.

ಮೈಕು ಎದೆ ತುಂಬ ಉಸಿರೆಳೆದು "ಓಹೋಯ್!" ಎಂದರು. ಜವಾನನ ಬಟ್ಟೆ ಏಳಲಿಲ್ಲ.

"ಇನ್ನೂ ಜೋರಾಗಿ ಸಾರ್!" ದುರ್ಬೀನಪ್ಪ ಅವರ ಬೆನ್ನು ತಿಕ್ಕಿದ. "ನಿಮ್ಮ ಕಾಲಿಗೆ ಬೀಳ್ತೀನಿ, ಪ್ರಾಣ ಹೋಗೋ ಹಾಗೆ ಕೂಗಿ!"

"ಓಹೋಓಓಯ್!"

ತಂತಿಯ ಮೇಲಿದ್ದ ಪಾರಿವಾಳಗಳು ಚೆಲ್ಲಾಪಿಲ್ಲಿಯಾದವು. ಬಯಲಿನ ಆ ತುದಿಯಲ್ಲಿ ಕೆಂಪು ಬಟ್ಟೆ ಮೇಲೆದ್ದಿತು. ಇಡೀ ಬಯಲು ಉಳಿಯಿತು! ದುರ್ಬೀನಪ್ಪ ಮೈಕನ್ನು ತಬ್ಬಿಕೊಂಡ.

"ಆ ಕಡೆ ಆಯ್ತು," ಎಂದರು ಸಾಹೇಬರು. "ಈಗ ಈ ಕಡೆ."

"ಈ ಕಡೆ ಅಂದ್ರೆ?"

"ಕೂಗು ಬಯಲಿಗೆ ಮಾತ್ರ ಹೋಗುತ್ತೇನ್ರೀ? ಬೀದಿಗೂ ಬಂತಲ್ಲ. ಕೇಳಿಸಿದ ಮನೆಗಳೆಲ್ಲ ಖಾಲಿಯಾಗಬೇಕು. ಮರಿ ಹಾರೋವರೆಗೆ."

ಇಷ್ಟು ಹೊತ್ತು ಮೈಮೇಲೆ ಬೀಳುವಂತೆ ನಿಂತಿದ್ದವರೆಲ್ಲ ಕ್ಷಣದಲ್ಲಿ ತಮ್ಮತಮ್ಮ ಗೇಟು ಸೇರಿದರು. ಸಾಹೇಬರು ಪಕ್ಕದ ಮನೆಯ ಕಾರ್ಯದರ್ಶಿಯನ್ನು ಕೇಳಿದರು.

"ಕೂಗು ಕೇಳಿಸ್ತಾ?"

ಕಾರ್ಯದರ್ಶಿ ಕಿವಿಗೆ ಕೈ ಇಟ್ಟುಕೊಂಡರು. "ಏನಂದ್ರಿ? ಕೂಗಿದ್ರಾ? ಯಾವಾಗ?"

ಎದುರು ಮನೆಯಲ್ಲಿ ಮೈಕಿನ ಹೆಂಡತಿ, "ನಮ್ಮವರ ದನೀನಾ? ಮದುವೆ ಆದಾಗಿನಿಂದ ನನಗೆ ಕೇಳಿಸೇ ಇಲ್ಲ ಸಾರ್," ಎಂದರು. ಅದರಾಚೆ ಮನೆಯವರು ತಲೆ ಅಲ್ಲಾಡಿಸಿದರು. ಅದರಾಚೆಯವರು ಪ್ರಶ್ನೆಯೇ ಕೇಳಿಸಲಿಲ್ಲವೆಂಬಂತೆ ಆಕಾಶ ನೋಡಿದರು. ಬೀದಿಗೆ ಬೀದಿಯೇ ಕಿವುಡಾಗಿತ್ತು.

ಅಷ್ಟರಲ್ಲಿ ದುರ್ಬೀನಪ್ಪನ ಅಡುಗೆಮನೆಯ ಕಿಟಕಿ ದಢಾರನೆ ತೆರೆಯಿತು.

"ಯಾರ್ರೀ ಅದು ಹಾಗೆ ಬಾಯಿ ಬಡ್ಕೊಳ್ಳೋದು? ಬೆಚ್ಚಿಬಿದ್ದು ಹಾಲೆಲ್ಲ ಚೆಲ್ಲಿಬಿಟ್ಟೆ!"

ಸಾಹೇಬರು ಮೊದಲ ಸಲ ನಕ್ಕರು. "ಈ ಮನೆಗೆ ಕೇಳಿಸಿದೆ."

"ಸಾಹೇಬ್ರೇ, ಅದು... ಅದು ನಮ್ಮನೆ!"

"ನನ್ನನ್ನೂ ಬಿಡಬೇಡಿ ಅಂದವರು ನೀವೇ ಅಲ್ವಾ?"

ದುರ್ಬೀನಪ್ಪ ಕಾಲಿಗೆ ಬಿದ್ದ. "ಬಿದ್ದರೂ ಬಿಡಬೇಡಿ ಅಂದಿದ್ರಿ," ಎಂದು ಸಾಹೇಬರು ನೆನಪಿಸಿದರು. ಹಿತ್ತಲಿನಿಂದ ಒಂದು ಸಲ ಬಟ್ಟೆಬರೆ ತರಲು ಬಿಟ್ಟದ್ದೇ ದೊಡ್ಡದು. ಕಲ್ಲಿನ ಮೇಲೆ ಉಳಿದ ದುರ್ಬೀನನ್ನು ತರಲು ಮಾತ್ರ ಜವಾನ ಬಿಡಲಿಲ್ಲ. ಲಾರಿಗಳಿಗೆ ಬೇರೆ ಜಾಗ ತೋರಿಸಿ ಸಾಹೇಬರು ಜೀಪು ಹತ್ತಿದರು. ಕಿವಿ ಮತ್ತೆ ಬಂದ ಕಾರ್ಯದರ್ಶಿ ಕಣ್ಣೊರೆಸಿಕೊಂಡು, "ತ್ಯಾಗ ಅಂದ್ರೆ ಇದಪ್ಪಾ!" ಎಂದರು. ಬೀದಿಯವರು ತುಂಬ ಹೊತ್ತು ಚಪ್ಪಾಳೆ ತಟ್ಟಿ ಅವನನ್ನು ಬೀಳ್ಕೊಟ್ಟರು.

ದೊಡ್ಡ ಚೀಲ ಹೊತ್ತ ದುರ್ಬೀನಪ್ಪ, ಕೊಡೆ ಹಿಡಿದ ಹೆಂಡತಿ, ಇಬ್ಬರೂ ಹಳೇ ಮಾರ್ಕೆಟ್ಟಿನ ದಾರಿ ಹಿಡಿದರು. "ಆ ಜಲ್ಲಿ ಆವತ್ತೇ ತೆಗೆಸಿದ್ದಿದ್ರೆ..." ಎಂದು ಹೆಂಡತಿ ದಾರಿಯುದ್ದಕ್ಕೂ ಶುರುಮಾಡುತ್ತಲೇ ಇದ್ದಳು. ಹೋಗಲಿ, ಬಯಲಂತೂ ಉಳಿಯಿತಲ್ಲ ಎಂದು ಅವನು ಒಳಗೊಳಗೇ ಸಮಾಧಾನ ಮಾಡಿಕೊಂಡ.

ತಿರುವಿನಲ್ಲಿಯೇ ವಾಸನೆ ಬಂತು. ಹೆಂಡತಿಯ ಅಣ್ಣನ ಮನೆಯ ಬಾಗಿಲಿನಿಂದ ಮಾರ್ಕೆಟ್ಟಿನ ಗೋಡೆಯವರೆಗೆ ಕಸದ ಲಾರಿಗಳು ಮೂತಿಗೆ ಮೂತಿ ಹಚ್ಚಿ ನಿಂತಿದ್ದವು. ಅಣ್ಣ ಮೂಗಿಗೆ ಟವೆಲ್ಲು ಕಟ್ಟಿಕೊಂಡು ಎದುರು ಬಂದರು.

"ಬನ್ನಿ ಭಾವ, ಒಳ್ಳೇ ಹೊತ್ತಿಗೆ ಬಂದ್ರಿ! ಯಾವನೋ ಹಕ್ಕಿ ಹುಚ್ಚ ಲಾರಿಗಳನ್ನ ಅಲ್ಲಿಂದ ಓಡಿಸಿದಾನಂತೆ, ಎಲ್ಲಾ ನಮ್ಮ ತಲೆ ಮೇಲೆ ಬಂದು ಕೂತಿವೆ. ಈಗ ತಾನೇ ಬೀದಿಯವರೆಲ್ಲ ಸೇರಿ ಹೋರಾಟ ಸಮಿತಿ ಮಾಡಿದೀವಿ. ಸಭೆಗೆ ಬಂದವರಲ್ಲಿ ಯಾರೂ ಒಪ್ಪಲಿಲ್ಲ, ನೀವು ಬರ್ತಿದೀರಿ ಅಂತ ತಂಗಿ ಫೋನ್ ಮಾಡಿದ್ಲಲ್ಲ, ಅದಕ್ಕೆ ನಿಮ್ಮನ್ನೇ ಅಧ್ಯಕ್ಷರು ಮಾಡಿಬಿಟ್ಟೆ."

ಹೆಂಡತಿ ಕೊಡೆ ಬಗ್ಗಿಸಿ ಮುಖ ಮುಚ್ಚಿಕೊಂಡಳು. ಕೊಡೆ ಗಡಗಡ ಅಲುಗುತ್ತಿತ್ತು. ದುರ್ಬೀನಪ್ಪನ ಕೈಯಿಂದ ಚೀಲ ಜಾರಿ ಬಿತ್ತು.

"ಏನ್... ಏನ್ ಮಾಡ್ಬೇಕು ನಾನು?"

"ಹೆಚ್ಚೇನಿಲ್ಲ ಭಾವ," ಎಂದು ಅಣ್ಣ ತೋಳು ಮಡಿಸಿದರು. "ಮೊದಲು ಆ ಹಕ್ಕಿ ಹುಚ್ಚ ಯಾರು ಅಂತ ಪತ್ತೆಮಾಡಿ ನಮ್ಮ ಕೈಗೆ ಕೊಡಿ. ಆಮೇಲಿಂದು ನಾವು ನೋಡ್ಕೊಳ್ತೀವಿ."